ಹೊಸ ಔಟ್‌ಪುಟ್ ಟ್ರಾನ್ಸಿಸ್ಟರ್ ಹಾಕಿದ ಕೂಡಲೇ ಮತ್ತೆ ಸುಟ್ಟರೆ?

ಪ್ರಶ್ನೆ: ನಮ್ಮೂರಲ್ಲಿ ಶಾಮಿಯಾನ, ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತೇನೆ. ಎರಡು ಚಾನೆಲ್‌ನ ಪವರ್ ಆಂಪ್ಲಿಫೈಯರ್ ಇದೆ. ಒಂದೊಂದು ಚಾನೆಲ್‌ಗೆ ಸ್ಪೀಕರ್ ಓಡಿಸುವ ಔಟ್‌ಪುಟ್ ಟ್ರಾನ್ಸಿಸ್ಟರ್ 4 ಸಿ5200, 4 ಎ1943. ರೈಲ್ ವೋಲ್ಟೇಜ್ (ಒಳಗಿನ ಡಿಸಿ ಸಪ್ಲೈ) ಪ್ಲಸ್ 75, ಮೈನಸ್ 75 ವೋಲ್ಟ್. ಜಾತ್ರೆಯ ರಾತ್ರಿ ಒಂದು ಚಾನೆಲ್ ಢಬ್ ಎಂದು ಫ್ಯೂಸ್ ಹೋಯಿತು. ಬಿಚ್ಚಿ ನೋಡಿದರೆ ಎರಡು ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್. ಆ ಎರಡನ್ನು ಹೊಸದು ಹಾಕಿ ಸ್ವಿಚ್ ಒತ್ತಿದ ಕೂಡಲೇ ಮತ್ತೆ ಹೋದವು. ಬೋರ್ಡಿನ ಮೇಲೆ ಒಂದು ಚಿಕ್ಕ ಟ್ರಾನ್ಸಿಸ್ಟರ್ ಸುಟ್ಟು ನಂಬರ್ ಅಳಿಸಿದೆ. ಅಂಗಡಿಯವರು "ಟಿಪ್35ಸಿ, ಟಿಪ್36ಸಿ ಹಾಕಿ, 25 ಆಂಪಿಯರ್ ಇದೆ, ಇದಕ್ಕಿಂತ ಗಟ್ಟಿ" ಎನ್ನುತ್ತಾರೆ. ಹಾಕಬಹುದಾ? ನಂಬರ್ ಅಳಿಸಿದ ಟ್ರಾನ್ಸಿಸ್ಟರ್ ಯಾವುದು ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ: ಹಾಕಬೇಡಿ. ಟಿಪ್35ಸಿ ಒಳ್ಳೆಯ ಟ್ರಾನ್ಸಿಸ್ಟರೇ. 25 ಆಂಪಿಯರ್ ಅನ್ನೋದೂ ನಿಜ. ಆದರೆ ಅದು ತಡೆಯುವುದು 100 ವೋಲ್ಟ್ ಮಾತ್ರ. ನಿಮ್ಮ ಆಂಪ್ಲಿಫೈಯರ್‌ನಲ್ಲಿ ಅದರ ಮೇಲೆ ಬೀಳುವುದು 150 ವೋಲ್ಟ್‌ನ ಹತ್ತಿರ.

"ನನ್ನ ರೈಲ್ 75 ಅಲ್ವಾ, 100 ವೋಲ್ಟ್‌ನದು ಸಾಕಲ್ಲ" ಅಂತ ಎಷ್ಟೋ ಜನ ಮೆಕ್ಯಾನಿಕ್‌ಗಳೂ ಕೇಳುತ್ತಾರೆ. ಸದ್ದಿಲ್ಲದೆ ಸುಮ್ನೆ ಕೂತಿರುವಾಗ ಆ ಲೆಕ್ಕ ಸರಿ. ಔಟ್‌ಪುಟ್ ಸೊನ್ನೆ ವೋಲ್ಟ್‌ನಲ್ಲಿ ಇರುತ್ತದೆ, ಪ್ಲಸ್ ರೈಲ್ ಕಡೆಯ ಮೇಲಿನ ಟ್ರಾನ್ಸಿಸ್ಟರ್‌ಗೆ 75, ಮೈನಸ್ ಕಡೆಯ ಕೆಳಗಿನದಕ್ಕೆ 75. ಈಗ ಜೋರಾಗಿ ಒಂದು ಡ್ರಮ್ ಪೆಟ್ಟು ಬಂತು ಅಂದುಕೊಳ್ಳಿ. ಔಟ್‌ಪುಟ್ ಪ್ಲಸ್ 70ಕ್ಕೆ ಏರುತ್ತದೆ. ಆ ಕ್ಷಣದಲ್ಲಿ ಕೆಳಗಿನ ಎ1943ರ ಒಂದು ತುದಿ ಪ್ಲಸ್ 70ರಲ್ಲಿ, ಇನ್ನೊಂದು ಮೈನಸ್ 75ರಲ್ಲಿ. ಒಟ್ಟು 145 ವೋಲ್ಟ್. ಆದ್ದರಿಂದ ಔಟ್‌ಪುಟ್ ಟ್ರಾನ್ಸಿಸ್ಟರ್ ಆರಿಸುವಾಗ ಎರಡೂ ರೈಲ್ ಕೂಡಿಸಿ ನೋಡಬೇಕು, ಅದರ ಮೇಲೆ ಒಂದಿಷ್ಟು ಮಿಗತೆಯೂ ಬೇಕು. ಸಿ5200, ಎ1943 ಎರಡೂ 230 ವೋಲ್ಟ್, 15 ಆಂಪಿಯರ್, 150 ವ್ಯಾಟ್‌ನವು. ನಿಮ್ಮ ಆಂಪ್ಲಿಫೈಯರ್ ಮಾಡಿದವರು ಅದನ್ನು ಸುಮ್ನೆ ಆರಿಸಿಲ್ಲ.

ಮಿಗತೆ ಯಾಕೆ ಅಂದರೆ, ನೀವು ಓಡಿಸುವುದು ಜಾತ್ರೆ, ಮದುವೆಗಳಲ್ಲಿ. ಕರೆಂಟ್ ಬರುವುದು ಜನರೇಟರ್‌ನಿಂದ, ಇಲ್ಲವೇ ನಡುರಾತ್ರಿಯಲ್ಲಿ ಲೋಡ್ ಇಳಿದ ಹಳ್ಳಿಯ ಲೈನ್‌ನಿಂದ. 230 ಇರಬೇಕಾದ ಕಡೆ 260 ಬಂದರೆ 75ರ ರೈಲ್ ಸುಮಾರು 85 ಆಗುತ್ತದೆ. ಎರಡೂ ಸೇರಿ 170. ನೂರರ ಟ್ರಾನ್ಸಿಸ್ಟರ್ ಎಲ್ಲಿ ಉಳಿಯುತ್ತದೆ ಹೇಳಿ.

ವ್ಯಾಟ್ ಸಂಖ್ಯೆಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಡೇಟಾಶೀಟ್‌ನ (ಕಂಪನಿ ಕೊಡುವ ವಿವರಪಟ್ಟಿಯ) 150 ವ್ಯಾಟ್ ಎಂಬುದು ಟ್ರಾನ್ಸಿಸ್ಟರ್‌ನ ಬೆನ್ನು 25 ಡಿಗ್ರಿಯಲ್ಲಿ ಇದ್ದಾಗಿನ ಮಾತು. ಒಳಗಿನ ಸಿಲಿಕಾನ್ ಚಿಪ್‌ನ ಮಿತಿ 150 ಡಿಗ್ರಿ. ಅಂದರೆ ಬೆನ್ನು ಒಂದೊಂದು ಡಿಗ್ರಿ ಬಿಸಿಯಾದಂತೆ 1.2 ವ್ಯಾಟ್ ಕಳೆಯುತ್ತಾ ಹೋಗಬೇಕು. 75 ಡಿಗ್ರಿಗೆ ಉಳಿಯುವುದು 90 ವ್ಯಾಟ್. ಇದರ ಜೊತೆಗೆ ಇನ್ನೊಂದು ಸಂಗತಿ ಇದೆ. ವೋಲ್ಟೇಜ್ ಜಾಸ್ತಿ ಇದ್ದಾಗ ಕರೆಂಟ್ ಚಿಪ್‌ನ ತುಂಬಾ ಸಮನಾಗಿ ಹರಡುವುದಿಲ್ಲ. ಒಂದೇ ಜಾಗದಲ್ಲಿ ಗುಂಪುಗೂಡಿ ಅಲ್ಲೇ ಕರಗಿಸಿಬಿಡುತ್ತದೆ. ಇದನ್ನು ಸೆಕೆಂಡ್ ಬ್ರೇಕ್‌ಡೌನ್ ಎನ್ನುತ್ತಾರೆ. ಡೇಟಾಶೀಟ್‌ನಲ್ಲಿ ಸೇಫ್ ಆಪರೇಟಿಂಗ್ ಏರಿಯಾ ಎಂಬ ಗ್ರಾಫ್ ಇರುತ್ತದೆ. ಮೊದಲ ಪುಟದ ದೊಡ್ಡ ಅಕ್ಷರಗಳಿಗಿಂತ ಆ ಗ್ರಾಫನ್ನು ನಾನು ಹೆಚ್ಚು ನಂಬುತ್ತೇನೆ. ಎರಡು ಟ್ರಾನ್ಸಿಸ್ಟರ್ ಹೋಲಿಸುವಾಗ 50 ವೋಲ್ಟ್‌ಗೆ ಎಷ್ಟು ಆಂಪಿಯರ್, 100 ವೋಲ್ಟ್‌ಗೆ ಎಷ್ಟು ಅಂತ ಅಲ್ಲಿ ಓದಿ. ನಿಜವಾದ ಗಟ್ಟಿತನ ಅಲ್ಲಿ ಕಾಣುತ್ತದೆ.

ಈಗ ನಿಮ್ಮ ಅಸಲಿ ತೊಂದರೆಗೆ ಬರೋಣ. ಸ್ವಿಚ್ ಒತ್ತಿದ ಕೂಡಲೇ ಹೊಸ ಟ್ರಾನ್ಸಿಸ್ಟರ್ ಹೋಗಿದೆ. ಸ್ಪೀಕರ್ ಕೂಗುವ ಮೊದಲೇ, ಬಿಸಿಯಾಗುವ ಮೊದಲೇ. ಅಂದರೆ ಕೊಂದವರು ಇನ್ನೂ ಒಳಗೇ ಇದ್ದಾರೆ. ಔಟ್‌ಪುಟ್ ಟ್ರಾನ್ಸಿಸ್ಟರ್ ಒಂಟಿಯಾಗಿ ಸಾಯುವುದು ಅಪರೂಪ. ಟ್ರಾನ್ಸಿಸ್ಟರ್‌ಗೆ ಕಲೆಕ್ಟರ್, ಬೇಸ್, ಎಮಿಟರ್ ಎಂಬ ಮೂರು ಕಾಲು. ಅದು ಶಾರ್ಟ್ ಆದಾಗ ಕಲೆಕ್ಟರ್‌ನ 75 ವೋಲ್ಟ್ ಬೇಸ್ ಕಡೆಗೂ ನುಗ್ಗುತ್ತದೆ. ಅಲ್ಲಿಂದ ಬೇಸ್ ರೆಸಿಸ್ಟರ್, ಔಟ್‌ಪುಟ್ ಅನ್ನು ಓಡಿಸುವ ಡ್ರೈವರ್ ಟ್ರಾನ್ಸಿಸ್ಟರ್, ಅದರ ಹಿಂದಿನದು, ಹೀಗೆ ಸಾಲಾಗಿ ಹೊಡೆಯುತ್ತಾ ಹೋಗುತ್ತದೆ. ಎಮಿಟರ್‌ನಲ್ಲಿರುವ 0.22 ಓಮ್‌ನ ಸಿಮೆಂಟ್ ರೆಸಿಸ್ಟರ್ ಫ್ಯೂಸ್‌ನಂತೆ ಓಪನ್ ಆಗಿರಬಹುದು. ಹೊರಗೆ ಒಂದು ಕಲೆಯೂ ಕಾಣುವುದಿಲ್ಲ. ಅಂಥ ಜಾಗಕ್ಕೆ ಹೊಸ ಟ್ರಾನ್ಸಿಸ್ಟರ್ ಹಾಕಿದರೆ ಅದು ಕೆಲಸವನ್ನೇ ಮಾಡುವುದಿಲ್ಲ. ಉಳಿದ ಮೂರೇ ಸೇರಿ ನಾಲ್ಕರ ಹೊರೆ ಹೊರುತ್ತವೆ.

ಆದರೆ ಕ್ಷಣದಲ್ಲಿ ಎರಡೂ ಹೋದವು ಅಂದರೆ ನನ್ನ ಮೊದಲ ಅನುಮಾನ ಬಯಾಸ್ ಮೇಲೆ, ಅಂದರೆ ಸಿಗ್ನಲ್ ಇಲ್ಲದಾಗ ಔಟ್‌ಪುಟ್‌ನಲ್ಲಿ ಹರಿಯುವ ಸಣ್ಣ ಕರೆಂಟನ್ನು ಹೊಂದಿಸುವ ಭಾಗದ ಮೇಲೆ. ಹೀಟ್‌ಸಿಂಕ್‌ಗೆ (ಬಿಸಿ ಹೊರಹಾಕುವ ಲೋಹದ ತುಂಡಿಗೆ) ಅಂಟಿಸಿದ ಒಂದು ಟ್ರಾನ್ಸಿಸ್ಟರ್ ಇರುತ್ತದೆ, ಪಕ್ಕದಲ್ಲಿ ಒಂದು ಪ್ರಿಸೆಟ್ (ತಿರುಗಿಸಿ ಹೊಂದಿಸುವ ಪುಟ್ಟ ರೆಸಿಸ್ಟರ್). ಮೇಲಿನ ಮತ್ತು ಕೆಳಗಿನ ಡ್ರೈವರ್‌ಗಳ ಬೇಸ್‌ಗಳ ನಡುವೆ ಸರಿಯಾಗಿ ಇಷ್ಟೇ ವೋಲ್ಟ್ ಇರಲಿ ಅಂತ ನೋಡಿಕೊಳ್ಳುವುದು ಇದರ ಕೆಲಸ. ಒಂದು ಡ್ರೈವರ್, ಒಂದು ಔಟ್‌ಪುಟ್ ಇರುವ ಸರ್ಕ್ಯೂಟ್‌ನಲ್ಲಿ ಅದು ಸುಮಾರು 2.2ರಿಂದ 2.4 ವೋಲ್ಟ್. ಡ್ರೈವರ್‌ನ ಹಿಂದೆ ಇನ್ನೊಂದು ಡ್ರೈವರ್ ಇದ್ದರೆ 3.5 ವೋಲ್ಟ್‌ನ ಆಸುಪಾಸು. ಆ ಟ್ರಾನ್ಸಿಸ್ಟರ್ ಓಪನ್ ಆದರೆ, ಅದರ ವೈರ್ ಕಿತ್ತಿದ್ದರೆ, ಇಲ್ಲವೇ ಹಳೆಯ ಪ್ರಿಸೆಟ್‌ನ ನಡುಗಾಲು ಧೂಳಿನಿಂದ ಕಚ್ಚದೇ ಹೋದರೆ, ಮೇಲಿನದೂ ಕೆಳಗಿನದೂ ಒಟ್ಟಿಗೆ ಪೂರ್ತಿ ತೆರೆದುಕೊಳ್ಳುತ್ತವೆ. 150 ವೋಲ್ಟ್ ನೇರ ಅವುಗಳ ಮೂಲಕ ಹರಿಯುತ್ತದೆ. ಆಗ ಎಷ್ಟು ದುಬಾರಿ ಟ್ರಾನ್ಸಿಸ್ಟರ್ ಹಾಕಿದರೂ ಅಷ್ಟೇ.

ಕೆಲಸ ಶುರು ಮಾಡುವ ಮೊದಲು ಫಿಲ್ಟರ್ ಕಂಡೆನ್ಸರ್‌ಗಳನ್ನು ಖಾಲಿ ಮಾಡಿ. ಸ್ಕ್ರೂಡ್ರೈವರ್‌ನಿಂದ ಕಿಡಿ ಹಾರಿಸುವುದು ಬೇಡ. 1 ಕಿಲೋಓಮ್, 10 ವ್ಯಾಟ್‌ನ ರೆಸಿಸ್ಟರ್ ಹಿಡಿದು ನಿಧಾನ ಇಳಿಸಿ, ಮೀಟರ್‌ನಲ್ಲಿ ನೋಡಿ ಖಚಿತ ಮಾಡಿಕೊಳ್ಳಿ. 150 ವೋಲ್ಟ್ ಡಿಸಿ ಜೀವ ತೆಗೆಯಬಲ್ಲದು.

ಆಮೇಲೆ ಕೆಟ್ಟ ಚಾನೆಲ್‌ನ ಎಂಟೂ ಔಟ್‌ಪುಟ್ ಬಿಚ್ಚಿ ಹೊರಗಿಡಿ. ಬೋರ್ಡಿನಲ್ಲೇ ಇಟ್ಟು ಅಳೆದರೆ ನಾಲ್ಕೂ ಪ್ಯಾರಲಲ್ ಇರುವುದರಿಂದ ಒಂದು ಶಾರ್ಟ್ ಆದರೆ ನಾಲ್ಕೂ ಶಾರ್ಟ್ ಎಂದೇ ಮೀಟರ್ ಹೇಳುತ್ತದೆ. ಹೊರಗೆ ತೆಗೆದ ಮೇಲೆ ಡಯೋಡ್ ರೇಂಜ್‌ನಲ್ಲಿ ಬೇಸ್‌ನಿಂದ ಎರಡೂ ಕಡೆಗೆ ಅರ್ಧ ವೋಲ್ಟ್‌ನ ಹತ್ತಿರ ಬರಬೇಕು, ತಿರುಗಿಸಿದರೆ ಏನೂ ಬರಬಾರದು, ಕಲೆಕ್ಟರ್ ಎಮಿಟರ್ ನಡುವೆ ಎರಡೂ ದಿಕ್ಕಿನಲ್ಲಿ ಏನೂ ಬರಬಾರದು. ಇಷ್ಟು ಪಾಸಾದರೆ ಶಾರ್ಟ್ ಇಲ್ಲ ಅಂತ ಮಾತ್ರ ಅರ್ಥ. ಚೆನ್ನಾಗಿದೆ ಅಂತ ಅರ್ಥ ಅಲ್ಲ. ಮೀಟರ್ ಕೊಡುವುದು ಒಂದೆರಡು ವೋಲ್ಟ್ ಅಷ್ಟೆ, 150 ವೋಲ್ಟ್‌ನಲ್ಲಿ ಅದು ಏನು ಮಾಡುತ್ತದೋ ಮೀಟರ್‌ಗೆ ಗೊತ್ತಿಲ್ಲ. ಗೇನ್ (ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬುದು) ಅಳೆಯುವ ಮೀಟರ್‌ನ ಎಚ್‌ಎಫ್‌ಇ ಸಾಕೆಟ್ ಕೂಡ ಪವರ್ ಟ್ರಾನ್ಸಿಸ್ಟರ್‌ಗೆ ಹೆಚ್ಚು ಉಪಯೋಗ ಇಲ್ಲ.

ಎಮಿಟರ್ ರೆಸಿಸ್ಟರ್, ಬೇಸ್ ರೆಸಿಸ್ಟರ್ ಎಲ್ಲವನ್ನೂ ಒಂದೊಂದಾಗಿ ಅಳೆಯಿರಿ. ಡ್ರೈವರ್‌ಗಳನ್ನೂ ಬಿಚ್ಚಿ ನೋಡಿ.

ನಂಬರ್ ಅಳಿಸಿದ ಚಿಕ್ಕ ಟ್ರಾನ್ಸಿಸ್ಟರ್ ಬಗ್ಗೆ ನಿಮಗೆ ಒಂದು ಅದೃಷ್ಟ ಇದೆ. ಎರಡು ಚಾನೆಲ್‌ನ ಸೆಟ್, ಒಂದು ಚಾನೆಲ್ ಚೆನ್ನಾಗಿದೆ. ಅದೇ ನಿಮ್ಮ ಸರ್ಕ್ಯೂಟ್ ಡಯಾಗ್ರಾಂ. ಅದೇ ಜಾಗದಲ್ಲಿರುವ ಟ್ರಾನ್ಸಿಸ್ಟರ್‌ನ ನಂಬರ್ ಓದಿ. ಅದರ ಒಂದೊಂದು ಕಾಲಿನ ವೋಲ್ಟೇಜ್ ಬರೆದಿಟ್ಟುಕೊಳ್ಳಿ, ಆಮೇಲೆ ಕೆಟ್ಟ ಕಡೆಗೆ ಹೋಲಿಸಿ. ಆ ಕಡೆಯೂ ನಂಬರ್ ಉಜ್ಜಿ ಅಳಿಸಿದ್ದರೆ ಜಾಗ ನೋಡಿ ಕಂಡುಹಿಡಿಯಬೇಕು. ಇದು ಅಷ್ಟು ಕಷ್ಟ ಅಲ್ಲ. ಬಹುತೇಕ ಆಂಪ್ಲಿಫೈಯರ್‌ಗಳ ಎಲುಬುಗೂಡು ಒಂದೇ.

ಇನ್‌ಪುಟ್ ಹತ್ತಿರ ಎರಡು ಚಿಕ್ಕ ಟ್ರಾನ್ಸಿಸ್ಟರ್ ಅಕ್ಕಪಕ್ಕ ನಿಂತು ಎಮಿಟರ್‌ಗಳು ಒಂದೇ ಕಡೆ ಸೇರುತ್ತವೆ. ಅದು ಡಿಫರೆನ್ಶಿಯಲ್ ಜೋಡಿ. ಒಂದರ ಬೇಸ್‌ಗೆ ಸಿಗ್ನಲ್, ಇನ್ನೊಂದರ ಬೇಸ್‌ಗೆ ಸ್ಪೀಕರ್ ಲೈನ್‌ನಿಂದ ಹಿಂದಕ್ಕೆ ತಂದ ಫೀಡ್‌ಬ್ಯಾಕ್. ಅದರ ಮುಂದೆ ಬರುವುದು ವೋಲ್ಟೇಜ್ ಹೆಚ್ಚಿಸುವ ಟ್ರಾನ್ಸಿಸ್ಟರ್, ಪುಸ್ತಕಗಳಲ್ಲಿ ವಿಎಎಸ್ ಎಂದು ಬರೆಯುತ್ತಾರೆ. ಅದರ ಬೇಸ್ ಕಲೆಕ್ಟರ್ ನಡುವೆ 22ರಿಂದ 100 ಪಿಕೋಫ್ಯಾರಡ್‌ನ ಪುಟ್ಟ ಕಂಡೆನ್ಸರ್ ಇದ್ದರೆ ಗುರುತು ಸಿಕ್ಕಿತು. ಎಮಿಟರ್ ಒಂದು ಸಣ್ಣ ರೆಸಿಸ್ಟರ್ ಮೂಲಕ ರೈಲ್‌ಗೆ ಹೋಗಿರುತ್ತದೆ. ಸುಡುವವರ ಪೈಕಿ ಇದು ಮುಂಚೂಣಿಯಲ್ಲಿ ಇರುತ್ತದೆ, ನಿಮ್ಮದೂ ಬಹುಶಃ ಇದೇ. ಬಯಾಸ್ ಟ್ರಾನ್ಸಿಸ್ಟರ್ ಹೀಟ್‌ಸಿಂಕ್ ಮೇಲೆ ಇರುವುದರಿಂದ ಗುರುತಿಸುವುದು ಸುಲಭ. ಎಮಿಟರ್ ರೆಸಿಸ್ಟರ್ ಕಡೆಯಿಂದ ಎರಡು ರೆಸಿಸ್ಟರ್ ಬಂದು ಬೇಸ್‌ಗೆ ಸೇರಿ, ಕಲೆಕ್ಟರ್ ಒಂದು ಡಯೋಡ್ ಮೂಲಕ ಡ್ರೈವರ್ ಬೇಸ್‌ಗೆ ಹೋಗಿದ್ದರೆ ಅದು ಪ್ರೊಟೆಕ್ಷನ್ ಟ್ರಾನ್ಸಿಸ್ಟರ್.

ಎನ್‌ಪಿಎನ್, ಪಿಎನ್‌ಪಿ ಎಂಬ ಎರಡು ಜಾತಿಯಲ್ಲಿ ಯಾವುದು? ಡ್ರೈವರ್, ಔಟ್‌ಪುಟ್ ಹಂತದಲ್ಲಿ ಕಲೆಕ್ಟರ್ ಪ್ಲಸ್ ರೈಲ್‌ಗೆ ಇದ್ದರೆ ಎನ್‌ಪಿಎನ್, ಮೈನಸ್‌ಗೆ ಇದ್ದರೆ ಪಿಎನ್‌ಪಿ. ಹಳೆಯ ಸೆಟ್‌ಗಳಲ್ಲಿ ಮಾತ್ರ ಹುಷಾರು. 2ಎನ್3055 ಕಾಲದ ಎಷ್ಟೋ ಸರ್ಕ್ಯೂಟ್‌ಗಳಲ್ಲಿ ಎರಡೂ ಕಡೆ ಎನ್‌ಪಿಎನ್ನೇ ಇರುತ್ತದೆ. ಕೆಳಗಿನದರ ಕಲೆಕ್ಟರ್ ಸ್ಪೀಕರ್ ಕಡೆ, ಎಮಿಟರ್ ಮೈನಸ್ ಕಡೆ. ಅಲ್ಲಿ ಜೋಡಿ ಅಂದುಕೊಂಡು ಎಂಜೆ2955 ಹಾಕಿದರೆ ಮುಗಿಯಿತು.

ವಿಎಎಸ್ ಜಾಗಕ್ಕೆ ಏನು ಹಾಕಬೇಕು? ಅದರ ಮೇಲೂ ಎರಡೂ ರೈಲ್ ಬೀಳುತ್ತವೆ. ಬಿಸಿ547 ಅಂತೂ 45 ವೋಲ್ಟ್‌ನದು, ಲೆಕ್ಕಕ್ಕೇ ಇಲ್ಲ. 2ಎನ್5551 160 ವೋಲ್ಟ್, 2ಎನ್5401 150 ವೋಲ್ಟ್. ಜನರೇಟರ್‌ನ ಮಾತು ನೆನಪಿದ್ದರೆ ಇದು ಅಂಚಿನಲ್ಲಿದೆ ಅಂತ ಗೊತ್ತಾಗುತ್ತದೆ. ಇನ್ನೊಂದು ಲೆಕ್ಕ ನೋಡಿ. ಅದರಲ್ಲಿ 6 ಮಿಲಿಆಂಪಿಯರ್ ಹರಿದರೆ 75 ವೋಲ್ಟ್‌ಗೆ 450 ಮಿಲಿವ್ಯಾಟ್. ಆ ಪುಟ್ಟ ಕಪ್ಪು ಪ್ಲಾಸ್ಟಿಕ್ ಟ್ರಾನ್ಸಿಸ್ಟರ್‌ನ ಮಿತಿಯೇ 625 ಮಿಲಿವ್ಯಾಟ್, ಅದೂ 25 ಡಿಗ್ರಿಯಲ್ಲಿ. ಬೇಸಿಗೆಯ ಮಧ್ಯಾಹ್ನ ಬಳ್ಳಾರಿಯಲ್ಲಿ ಡಬ್ಬಿಯೊಳಗೆ 25 ಡಿಗ್ರಿ ಎಲ್ಲಿಂದ ಬರಬೇಕು. ಕೆಎಸ್‌ಸಿ3503 ಮತ್ತು ಕೆಎಸ್‌ಎ1381 ಈ ಕೆಲಸಕ್ಕೇ ಹೇಳಿಮಾಡಿಸಿದ ಜೋಡಿ. 300 ವೋಲ್ಟ್, ಒಳ್ಳೆಯ ವೇಗ, ಒಳಗಿನ ಕೆಪಾಸಿಟೆನ್ಸ್ ಕಡಿಮೆ. ಅದು ಸಿಗದಿದ್ದರೆ ಎಂಜೆಇ340, ಎಂಜೆಇ350. ಇವೂ 300 ವೋಲ್ಟ್, ಎಲ್ಲ ಕಡೆ ಸಿಗುತ್ತವೆ, ಸ್ವಲ್ಪ ಮಂದ. ಡ್ರೈವರ್ ಜಾಗಕ್ಕೆ ಸಿ4793, ಎ1837 ಜೋಡಿ 230 ವೋಲ್ಟ್, 1 ಆಂಪಿಯರ್. ಇನ್ನೂ ಗಟ್ಟಿ ಬೇಕಾದರೆ ಎಂಜೆಇ15032, ಎಂಜೆಇ15033 ಇದೆ. 250 ವೋಲ್ಟ್, 8 ಆಂಪಿಯರ್.

ಇಲ್ಲಿ ಒಂದು ಗುಂಡಿ ಇದೆ, ಬೀಳುವವರು ಬಹಳ. ಸಿ4793ರ ಬೆನ್ನು ಪೂರ್ತಿ ಪ್ಲಾಸ್ಟಿಕ್, ಮೈಕಾ (ಕರೆಂಟ್ ತಡೆಯುವ ತೆಳು ಹಾಳೆ) ಇಲ್ಲದೆ ನೇರ ಹೀಟ್‌ಸಿಂಕ್‌ಗೆ ಸ್ಕ್ರೂ ಮಾಡಬಹುದು. ಎಂಜೆಇ15032ರ ಬೆನ್ನು ಲೋಹ, ಅದು ಕಲೆಕ್ಟರ್‌ಗೆ ಸೇರಿದೆ. ಹಳೆಯದನ್ನು ಬಿಚ್ಚಿದ ಹಾಗೇ ಹೊಸದನ್ನು ಮೈಕಾ ಇಲ್ಲದೆ ಕೂರಿಸಿದರೆ 75 ವೋಲ್ಟ್ ನೇರ ಸೆಟ್‌ನ ಲೋಹದ ಮೈಗೆ.

ಕಾಲುಗಳ ಕ್ರಮವೂ ಅಷ್ಟೇ ಮೋಸ ಮಾಡುತ್ತದೆ. ಚಪ್ಪಟೆ ಮುಖ ನಿಮ್ಮ ಕಡೆ ಇಟ್ಟು ಎಡದಿಂದ ನೋಡಿದರೆ ಬಿಸಿ547 ಕಲೆಕ್ಟರ್, ಬೇಸ್, ಎಮಿಟರ್. 2ಎನ್5551 ಎಮಿಟರ್, ಬೇಸ್, ಕಲೆಕ್ಟರ್. ಜಪಾನಿನ ಸಿ1815, ಎ1015, ಸಿ945 ಎಮಿಟರ್, ಕಲೆಕ್ಟರ್, ಬೇಸ್. ಮೂರೂ ನೋಡಲು ತದ್ರೂಪ. ಎ1015 ಜಾಗಕ್ಕೆ 2ಎನ್5401 ಹಾಕುವುದಾದರೆ ಕಾಲು ತಿರುಚಿ, ಸ್ಲೀವ್ ಹಾಕಿ ಕೂರಿಸಬೇಕು. ಬಿಡಿ139, ಎಂಜೆಇ340 ಬರಹದ ಮುಖದಿಂದ ಎಮಿಟರ್, ಕಲೆಕ್ಟರ್, ಬೇಸ್. ಟಿಪ್41, ಸಿ5200 ಇವೆಲ್ಲ ಬೇಸ್, ಕಲೆಕ್ಟರ್, ಎಮಿಟರ್. ಗೊತ್ತಿಲ್ಲದ ಟ್ರಾನ್ಸಿಸ್ಟರ್ ಕೈಗೆ ಬಂದರೆ ಮೀಟರ್‌ನ ಡಯೋಡ್ ರೇಂಜ್ ಸಾಕು. ಯಾವ ಕಾಲಿನಿಂದ ಉಳಿದ ಎರಡಕ್ಕೂ ರೀಡಿಂಗ್ ಬರುತ್ತದೋ ಅದು ಬೇಸ್. ಬೇಸ್‌ನಲ್ಲಿ ಕೆಂಪು ವೈರ್ ಇದ್ದಾಗ ಬಂದರೆ ಎನ್‌ಪಿಎನ್, ಕಪ್ಪು ಇದ್ದಾಗ ಬಂದರೆ ಪಿಎನ್‌ಪಿ. ಆ ಎರಡು ರೀಡಿಂಗ್‌ನಲ್ಲಿ ಕೆಲವು ಮಿಲಿವೋಲ್ಟ್ ಜಾಸ್ತಿ ತೋರಿಸುವ ಕಡೆ ಸಾಮಾನ್ಯವಾಗಿ ಎಮಿಟರ್. ಡಾರ್ಲಿಂಗ್ಟನ್ ಆದರೆ, ಟಿಪ್142 ಥರದ್ದು, ಬೇಸ್ ಎಮಿಟರ್ ರೀಡಿಂಗ್ ಬೇರೆಯೇ ಬರುತ್ತದೆ ಮತ್ತು ಕಲೆಕ್ಟರ್ ಎಮಿಟರ್ ನಡುವೆ ಒಂದು ದಿಕ್ಕಿನಲ್ಲಿ ಡಯೋಡ್ ಕಾಣುತ್ತದೆ. ಅದು ದೋಷ ಅಲ್ಲ.

ನಂಬರ್ ಓದುವ ಪದ್ಧತಿಯನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ಜಪಾನಿನ ನಂಬರ್‌ಗಳ ಮುಂದೆ 2ಎಸ್ ಇರುತ್ತದೆ, ಜಾಗ ಸಾಲದೆ ಹೆಚ್ಚಿನವುಗಳ ಮೇಲೆ ಅದನ್ನು ಮುದ್ರಿಸುವುದಿಲ್ಲ. ಸಿ5200 ಅಂದರೆ 2ಎಸ್‌ಸಿ5200. ಎ ಮತ್ತು ಬಿ ಇದ್ದರೆ ಪಿಎನ್‌ಪಿ, ಸಿ ಮತ್ತು ಡಿ ಎನ್‌ಪಿಎನ್. ಜೆ ಎಂದರೆ ಪಿ ಚಾನೆಲ್ ಎಫ್‌ಇಟಿ, ಕೆ ಎಂದರೆ ಎನ್ ಚಾನೆಲ್. ಡಿ718 ಅಂತ ಕಂಡರೆ ಅದು ಎನ್‌ಪಿಎನ್, ಅದರ ಜೊತೆಗಾರ ಬಿ688. ಯುರೋಪಿನ ಕ್ರಮದಲ್ಲಿ ಮೊದಲ ಅಕ್ಷರ ಬಿ ಎಂದರೆ ಸಿಲಿಕಾನ್, ಎ ಎಂದರೆ ಜರ್ಮೇನಿಯಂ. ಎರಡನೆಯದು ಸಿ ಆದರೆ ಸಣ್ಣ ಆಡಿಯೋ ಕೆಲಸಕ್ಕೆ, ಡಿ ಆದರೆ ಪವರ್‌ಗೆ. ಅಮೆರಿಕದ 2ಎನ್ ನಂಬರ್‌ನಿಂದ ಏನೂ ತಿಳಿಯುವುದಿಲ್ಲ, ಡೇಟಾಶೀಟೇ ಗತಿ.

ಕೊನೆಯ ಅಕ್ಷರ ಕಡೆಗಣಿಸಬೇಡಿ. ಟಿಪ್35ಎ 60 ವೋಲ್ಟ್, ಟಿಪ್35ಬಿ 80, ಟಿಪ್35ಸಿ 100. ಅಲ್ಲಿ ಅಕ್ಷರ ಹೇಳುವುದು ವೋಲ್ಟೇಜ್. ಬಿಸಿ547ಸಿಯ ಕೊನೆಯ ಸಿ ಹೇಳುವುದು ಗೇನ್. ಸಿ5200 ಮೇಲೆ ಆರ್ ಇದ್ದರೆ ಗೇನ್ 55ರಿಂದ 110, ಓ ಇದ್ದರೆ 80ರಿಂದ 160. ಒಂದೇ ಸಾಲಿನ ನಾಲ್ಕರಲ್ಲಿ ಎರಡು ಆರ್, ಎರಡು ಓ ಹಾಕಬೇಡಿ.

ಹಾಗಾದರೆ ನಿಮ್ಮ ಔಟ್‌ಪುಟ್‌ಗೆ ಏನು? ಸಿ5200, ಎ1943 ಅಸಲಿ ಸಿಗುತ್ತಿರುವವರೆಗೆ ಅದನ್ನೇ ಹಾಕಿ. ತೋಷಿಬಾದ ಹೊಸ ನಂಬರ್‌ಗಳು ಟಿಟಿಸಿ5200, ಟಿಟಿಎ1943. ಕೊನೆಯಲ್ಲಿ ಎನ್ ಇರುವ 2ಎಸ್‌ಸಿ5200ಎನ್ ಎಂಬುದು ಚಿಕ್ಕ ಮೈಯದ್ದು, ಅದೂ ಅಸಲಿಯೇ. ಇನ್ನೂ ಗಟ್ಟಿ ಬೇಕೆಂದರೆ ಆನ್‌ಸೆಮಿಯ ಎಂಜೆಎಲ್3281ಎ ಮತ್ತು ಎಂಜೆಎಲ್1302ಎ. 260 ವೋಲ್ಟ್, 200 ವ್ಯಾಟ್, ಕಾಲುಗಳ ಕ್ರಮವೂ ಅದೇ, ವೇಗವೂ ಹೆಚ್ಚು ಕಡಿಮೆ ಅದೇ, ಸುಮಾರು 30 ಮೆಗಾಹರ್ಟ್ಸ್. ವೇಗ ಯಾಕೆ ಮುಖ್ಯ ಅಂದರೆ, ಫೀಡ್‌ಬ್ಯಾಕ್ ಲೆಕ್ಕ ಹಾಕಿರುವುದೇ ಆ ವೇಗಕ್ಕೆ. ಟಿಪ್35ಸಿಯ ವೇಗ 3 ಮೆಗಾಹರ್ಟ್ಸ್. 30ರ ಜಾಗಕ್ಕೆ 3 ಹಾಕಿದರೆ ವೋಲ್ಟೇಜ್ ಹೇಗೋ ತಡೆದುಕೊಂಡರೂ ಆಂಪ್ಲಿಫೈಯರ್ ಸಿಗ್ನಲ್ ಇಲ್ಲದೆಯೂ ತಾನೇ ಕಂಪಿಸಿ (ಆಸಿಲೇಟ್ ಆಗಿ), ಬಿಸಿಯಾಗಿ ಸಾಯಬಹುದು. ಹಳೆಯ 2ಎನ್3055 ಸೆಟ್‌ಗೆ ತೀರಾ ವೇಗದ್ದು ಹಾಕಿದರೂ ಇದೇ ತೊಂದರೆ.

ಈ ಅದಲುಬದಲು ಎಲ್ಲ ಆಂಪ್ಲಿಫೈಯರ್‌ಗೂ ನಡೆಯುವುದಿಲ್ಲ. ಐದು ಕಾಲಿನ ಔಟ್‌ಪುಟ್ ಕಂಡರೆ ಅದರೊಳಗೆ ಬಯಾಸ್‌ಗೆ ಬೇಕಾದ ಡಯೋಡ್ ಇರುತ್ತದೆ, ಮೂರು ಕಾಲಿನದನ್ನು ಅಲ್ಲಿಗೆ ಹೊಂದಿಸಲು ಹೋಗಬೇಡಿ. ಕೆ1058, ಜೆ162 ಇರುವ ಮಾಸ್‌ಫೆಟ್ ಸೆಟ್‌ಗೆ ಐಆರ್‌ಎಫ್‌ಪಿ240, ಐಆರ್‌ಎಫ್‌ಪಿ9240 ಕೊಡುವವರಿದ್ದಾರೆ. ಕೆ1058, ಜೆ162ರ ನಡುಗಾಲು ಸೋರ್ಸ್, ಐಆರ್‌ಎಫ್‌ಪಿ ಜೋಡಿಯದ್ದು ಡ್ರೈನ್. ತೆರೆದುಕೊಳ್ಳುವ ವೋಲ್ಟೇಜೂ ಬೇರೆ, ಬಿಸಿಯಾದಾಗ ನಡೆದುಕೊಳ್ಳುವ ರೀತಿಯೂ ಬೇರೆ. ಅಲ್ಲಿ ಬದಲಿ ಎಂಬ ಮಾತೇ ಇಲ್ಲ.

ನಕಲಿಯ ಬಗ್ಗೆ ಹೇಳದೆ ಈ ಉತ್ತರ ಮುಗಿಯಲ್ಲ. ಬೆಂಗಳೂರಿನ ಎಸ್‌ಪಿ ರೋಡ್ ಇರಲಿ, ಚೆನ್ನೈನ ರಿಚ್ಚಿ ಸ್ಟ್ರೀಟ್ ಇರಲಿ, ಮುಂಬೈನ ಲ್ಯಾಮಿಂಗ್ಟನ್ ರೋಡ್ ಇರಲಿ, ಒಳ್ಳೆಯ ಮಾಲೂ ಸಿಗುತ್ತದೆ, ನಕಲಿಯೂ ಸಿಗುತ್ತದೆ. ಸಿ5200, ಎ1943 ಜೋಡಿಗೆ ನಕಲಿ ವಿಪರೀತ. ಮಾಡುವುದೇನು ಗೊತ್ತಾ? ಎಳ್ಳಿನಷ್ಟು ಪುಟ್ಟ ಚಿಪ್ ಹಾಕಿ, ದೊಡ್ಡ ಮೈ ಕೊಟ್ಟು, ತೋಷಿಬಾ ಎಂದು ಬರೆಯುತ್ತಾರೆ. ಮೀಟರ್‌ಗೆ ಎರಡೂ ಒಂದೇ. ಕಡಿಮೆ ಸೌಂಡಿನಲ್ಲಿ ಹಾಡೂ ಹಾಡುತ್ತದೆ. ನಿಮ್ಮ ಎರಡನೇ ಸಲದ ಸಾವಿಗೆ ಇದೂ ಕಾರಣ ಇದ್ದೀತು. ಸತ್ತ ಟ್ರಾನ್ಸಿಸ್ಟರ್ ಎಸೆಯಬೇಡಿ. ಮೊದಲಿಗೆ ಕಂಪನಿಯಿಂದಲೇ ಬಂದಿದ್ದ ಒಂದನ್ನು, ನೀವು ತಂದ ಒಂದನ್ನು ಬಟ್ಟೆಯಲ್ಲಿ ಸುತ್ತಿ ವೈಸ್‌ನಲ್ಲಿ ಒಡೆದು ಒಳಗಿನ ಚಿಪ್‌ನ ಅಳತೆ ಹೋಲಿಸಿ. ಕಣ್ಣಿಗೇ ಕಾಣುತ್ತದೆ.

ಒಡೆಯದೆ ಪರೀಕ್ಷೆ ಮಾಡಲೂ ಒಂದು ದಾರಿ ಇದೆ, ನಿಮ್ಮ ಆಂಪ್ಲಿಫೈಯರ್‌ನ ಸಪ್ಲೈಯನ್ನೇ ಬಳಸಬಹುದು. ಸಪ್ಲೈ ಆಫ್ ಮಾಡಿ, ಕಂಡೆನ್ಸರ್ ಖಾಲಿ ಮಾಡಿ ಜೋಡಿಸಿ. ಪ್ಲಸ್ 75ರಿಂದ 100 ಕಿಲೋಓಮ್, ಅರ್ಧ ವ್ಯಾಟ್‌ನ ರೆಸಿಸ್ಟರ್ ಮೂಲಕ ಸಿ5200ರ ಕಲೆಕ್ಟರ್‌ಗೆ, ಎಮಿಟರ್ ಮೈನಸ್ 75ಕ್ಕೆ, ಬೇಸ್ ಸುಮ್ನೆ ಬಿಟ್ಟಿರಲಿ. ಮೀಟರನ್ನು ಕಲೆಕ್ಟರ್ ಎಮಿಟರ್‌ಗೆ ಕ್ಲಿಪ್ ಹಾಕಿ, ಕೈ ದೂರ ಇಟ್ಟು ಸ್ವಿಚ್ ಹಾಕಿ. ಅಸಲಿಯಾದರೆ 150ರ ಹತ್ತಿರ ತೋರಿಸುತ್ತದೆ. 80ಕ್ಕೋ 100ಕ್ಕೋ ಬಂದು ನಿಂತುಬಿಟ್ಟರೆ ಆ ಟ್ರಾನ್ಸಿಸ್ಟರ್ ಅಲ್ಲಿಗೇ ಒಡೆಯುತ್ತಿದೆ ಎಂದರ್ಥ. ರೆಸಿಸ್ಟರ್ ಕರೆಂಟನ್ನು ಒಂದೂವರೆ ಮಿಲಿಆಂಪಿಯರ್‌ಗೆ ಹಿಡಿದಿಡುವುದರಿಂದ ಟ್ರಾನ್ಸಿಸ್ಟರ್‌ಗೆ ಹಾನಿ ಇಲ್ಲ. ಎ1943ಕ್ಕೆ ಪ್ಲಸ್ ಮೈನಸ್ ತಿರುಗಿಸಿ. ಈ ಪರೀಕ್ಷೆ ಪಾಸಾದರೂ ಚಿಪ್‌ನ ಗಾತ್ರ ತಿಳಿಯುವುದಿಲ್ಲ ಅನ್ನೋದು ನೆನಪಿರಲಿ. ಬಾಡಿಗೆ ಸೆಟ್‌ಗೆ ನನ್ನ ಸಲಹೆ ಒಂದೇ. ಎಲಿಮೆಂಟ್14, ಮೌಸರ್, ಡಿಜಿಕೀ ಥರದ ಅಧಿಕೃತ ಮಾರಾಟಗಾರರಿಂದ ತರಿಸಿ. ರೇಟು ಜಾಸ್ತಿ ಅನಿಸಬಹುದು, ಒಂದು ಪ್ರೋಗ್ರಾಂ ನಿಂತರೆ ಆಗುವ ನಷ್ಟಕ್ಕಿಂತ ಕಡಿಮೆಯೇ.

ತಂದ ಮೇಲೆ ಎಂಟನ್ನೂ ಒಟ್ಟಿಗೆ ಬದಲಾಯಿಸಿ. ಬದುಕಿದ ಹಳೆಯವನ್ನು ಟೆಸ್ಟಿಂಗ್‌ಗೆ ಇಟ್ಟುಕೊಳ್ಳಿ, ಅವು ಏಟು ತಿಂದಿರುತ್ತವೆ.

ಜೋಡಿಸುವಾಗ ಸೀರೀಸ್ ಬಲ್ಬ್ ಇಲ್ಲದೆ ಸ್ವಿಚ್ ಮುಟ್ಟಬೇಡಿ. ಮೇನ್ಸ್ ಫೇಸ್ ಲೈನ್‌ನಲ್ಲಿ 100 ವ್ಯಾಟ್‌ನ ಹಳೆ ಕಾಲದ ತಂತಿ ಬಲ್ಬ್ ಸೀರೀಸ್‌ನಲ್ಲಿ ಬರಲಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರುವುದಿಲ್ಲ. ತಂತಿ ಬಲ್ಬ್ ಸಿಗುವುದು ಕಷ್ಟವಾಗಿದೆ, ಹ್ಯಾಲೊಜೆನ್ ಆದರೂ ನಡೆಯುತ್ತದೆ. ಸ್ಪೀಕರ್ ಬೇಡ. ಮೊದಲು ಔಟ್‌ಪುಟ್ ಟ್ರಾನ್ಸಿಸ್ಟರ್ ಒಂದೂ ಇಲ್ಲದೆ, ಡ್ರೈವರ್‌ಗಳಷ್ಟೇ ಇರಲಿ. ಆದರೆ ಹಾಗೆ ಬಿಟ್ಟರೆ ಫೀಡ್‌ಬ್ಯಾಕ್ ದಾರಿ ತುಂಡಾಗಿ ತಪ್ಪು ರೀಡಿಂಗ್ ಬರುತ್ತದೆ. ಅದಕ್ಕೆ ಮೇಲೊಂದು, ಕೆಳಗೊಂದು ಔಟ್‌ಪುಟ್‌ನ ಖಾಲಿ ಜಾಗದಲ್ಲಿ ಬೇಸ್ ಮತ್ತು ಎಮಿಟರ್ ತೂತುಗಳ ನಡುವೆ 100 ಓಮ್ ರೆಸಿಸ್ಟರ್ ಬೆಸುಗೆ ಹಾಕಿ. ಆಗ ಡ್ರೈವರ್‌ಗಳೇ ಸ್ಪೀಕರ್ ಲೈನನ್ನು ಹಿಡಿದಿಡುತ್ತವೆ.

ಸ್ವಿಚ್ ಹಾಕಿದಾಗ ಬಲ್ಬ್ ಒಮ್ಮೆ ಹೊಳೆದು ಮಂಕಾಗಬೇಕು. ಹೊಳೆಯುತ್ತಲೇ ಇದ್ದರೆ ಆಫ್ ಮಾಡಿ, ಶಾರ್ಟ್ ಇನ್ನೂ ಇದೆ. ಮಂಕಾದರೆ ಸ್ಪೀಕರ್ ಲೈನ್‌ನಲ್ಲಿ ಡಿಸಿ ನೋಡಿ, ಸೊನ್ನೆಯ ಆಸುಪಾಸು, ಹೆಚ್ಚೆಂದರೆ 100 ಮಿಲಿವೋಲ್ಟ್ ಒಳಗಿರಬೇಕು. ಆಮೇಲೆ ಎರಡು ಡ್ರೈವರ್‌ಗಳ ಬೇಸ್ ನಡುವೆ ಅಳೆಯಿರಿ. ಪ್ರಿಸೆಟ್ ನಿಧಾನ ತಿರುಗಿಸಿದಂತೆ ಆ ವೋಲ್ಟ್ ನಯವಾಗಿ ಏರಿಳಿಯಬೇಕು. ಎಲ್ಲಾದರೂ ಹಾರಿದರೆ ಪ್ರಿಸೆಟ್ ಬದಲಾಯಿಸಿ. ಅದನ್ನು ತೀರಾ ಕಡಿಮೆಗೆ ಇಳಿಸಿಟ್ಟು, ಆ ರೆಸಿಸ್ಟರ್‌ಗಳನ್ನು ತೆಗೆದು ಒಂದು ಜೊತೆ ಔಟ್‌ಪುಟ್ ಹಾಕಿ ಮತ್ತೆ ಬಲ್ಬ್‌ನಲ್ಲಿ ನೋಡಿ. ಆಮೇಲೆ ಉಳಿದವು. ಒಂದೊಂದು ಟ್ರಾನ್ಸಿಸ್ಟರ್ ಸ್ಕ್ರೂ ಮಾಡಿದ ಕೂಡಲೇ ಕಲೆಕ್ಟರ್‌ನಿಂದ ಹೀಟ್‌ಸಿಂಕ್‌ಗೆ ಓಪನ್ ಇದೆಯೇ ಅಂತ ಅಳೆಯಿರಿ. ಪೇಸ್ಟ್ ತೆಳುವಾಗಿ ಸಾಕು, ಬೆಣ್ಣೆ ಬಳಿದಂತೆ ಬಳಿಯುವುದರಿಂದ ತಂಪು ಜಾಸ್ತಿ ಆಗುವುದಿಲ್ಲ.

ಬಲ್ಬ್ ತೆಗೆದು ನೇರ ಮೇನ್ಸ್ ಕೊಟ್ಟ ಮೇಲೆ ಬಯಾಸ್ ಇಡಿ. 0.22 ಓಮ್ ರೆಸಿಸ್ಟರ್ ಮೇಲೆ 5 ಮಿಲಿವೋಲ್ಟ್ ಅಂದರೆ ಸುಮಾರು 23 ಮಿಲಿಆಂಪಿಯರ್. ಸರ್ವಿಸ್ ಮ್ಯಾನುಯಲ್ ಇಲ್ಲದಿದ್ದರೆ ಚೆನ್ನಾಗಿರುವ ಚಾನೆಲ್‌ನಲ್ಲಿ ಎಷ್ಟಿದೆಯೋ ಅಷ್ಟೇ ಇಡಿ. ಅರ್ಧ ಗಂಟೆ ಬಿಟ್ಟು ಬಿಸಿಯಾದ ಮೇಲೆ ಮತ್ತೊಮ್ಮೆ ನೋಡಿ. ಏರುತ್ತಲೇ ಹೋದರೆ ಬಯಾಸ್ ಟ್ರಾನ್ಸಿಸ್ಟರ್ ಹೀಟ್‌ಸಿಂಕ್‌ಗೆ ಸರಿಯಾಗಿ ತಾಗಿಲ್ಲ. ಸಿಗ್ನಲ್ ಇಲ್ಲದೆಯೂ ಹೀಟ್‌ಸಿಂಕ್ ಸುಡುತ್ತಿದ್ದು ಬಯಾಸ್ ಸರಿಯಾಗಿದ್ದರೆ, ಸ್ಪೀಕರ್ ಟರ್ಮಿನಲ್ ಹತ್ತಿರ ಇರುವ 10 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಜೋಡಿಯನ್ನು ನೋಡಿ. ಆ ರೆಸಿಸ್ಟರ್ ಕಂದು ಬಣ್ಣಕ್ಕೆ ತಿರುಗಿದ್ದರೆ ಆಂಪ್ಲಿಫೈಯರ್ ಕಿವಿಗೆ ಕೇಳದಷ್ಟು ಮೇಲಿನ ಫ್ರೀಕ್ವೆನ್ಸಿಯಲ್ಲಿ ಆಸಿಲೇಟ್ ಆಗುತ್ತಿದೆ. ಆಸಿಲೋಸ್ಕೋಪ್ ಇರುವವರ ಹತ್ತಿರ ಒಯ್ಯಿರಿ.

ಇಷ್ಟಾದ ಮೇಲೂ ಜಾತ್ರೆಯ ರಾತ್ರಿ ಮೊದಲನೇ ಸಲ ಯಾಕೆ ಹೋಯಿತು ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಉತ್ತರ ಡಬ್ಬಿಯ ಹೊರಗೇ ಇರಬಹುದು. ಒಂದು ಚಾನೆಲ್‌ಗೆ ಎಷ್ಟು ಬಾಕ್ಸ್ ಹಾಕಿದ್ದಿರಿ? 8 ಓಮ್‌ನ ಎರಡು ಪ್ಯಾರಲಲ್ ಆದರೆ 4, ನಾಲ್ಕು ಆದರೆ 2. ನಿಮ್ಮ ಸೆಟ್ ಹಿಂದೆ ಕನಿಷ್ಠ 4 ಓಮ್ ಎಂದು ಬರೆದಿದ್ದರೆ ನಾಲ್ಕು ಬಾಕ್ಸ್ ಹಾಕುವ ಹಾಗಿಲ್ಲ. ಸ್ಪೀಕರ್‌ಗೆ ಪಿ38 ಜ್ಯಾಕ್ (ಮೈಕ್‌ಗೆ ಬಳಸುವ ದಪ್ಪ ಪಿನ್) ಬಳಸುತ್ತಿದ್ದರೆ ಅದನ್ನು ಸಾಕೆಟ್‌ಗೆ ತುರುಕುವಾಗ ತುದಿ ಮತ್ತು ಮೈ ಕ್ಷಣಕಾಲ ಶಾರ್ಟ್ ಆಗುತ್ತದೆ. ಹಾಡು ನಡೆಯುತ್ತಿರುವಾಗ ಕಿತ್ತು ಹಾಕಿದರೆ ಆ ಕ್ಷಣ ಸಾಕು. ಸ್ಪೀಕಾನ್ ಕನೆಕ್ಟರ್‌ಗೆ ಬದಲಾಯಿಸಿಕೊಳ್ಳಿ. ಫ್ಯಾನ್ ಬಲೆಯಲ್ಲಿ ಧೂಳು, ಬಣ್ಣದ ಕಾಗದದ ಚೂರು ತುಂಬಿದೆಯೇ ನೋಡಿ. ಜನರೇಟರ್ ಸ್ಟಾರ್ಟ್ ಆಗಿ ಮೀಟರ್‌ನಲ್ಲಿ 230ಕ್ಕೆ ನಿಂತಿದ್ದನ್ನು ನೋಡಿದ ಮೇಲೆಯೇ ಆಂಪ್ಲಿಫೈಯರ್ ಆನ್ ಮಾಡಿ, ಜನರೇಟರ್ ನಿಲ್ಲಿಸುವ ಮೊದಲು ಅದನ್ನು ಆಫ್ ಮಾಡಿ.